ರೆಡ್ ನದಿ ದಂಡೆಯ ಪಟ್ಟಿ ಹೊಲಗಳು

ಕೆನಡಾದ ವಿನಿಪೆಗ್ ನಗರದ ದಕ್ಷಿಣ ಭಾಗದಲ್ಲಿ, ಉತ್ತರಕ್ಕೆ ಹರಿಯುವ ರೆಡ್ ನದಿಯ ಮಗ್ಗುಲಿಗೇ ಸೇಂಟ್ ವೈಟಲ್ ಇದೆ. ಈಗದು ನಗರದ ಒಂದು ಬಡಾವಣೆ. ಆದರೆ ನಕ್ಷೆ ತೆರೆದರೆ ಅಲ್ಲಿನ ಎಷ್ಟೋ ಬೀದಿಗಳು ದಿಕ್ಕು ನೋಡದೆ, ನದಿಯನ್ನು ನೋಡಿಕೊಂಡು ಸಾಗುತ್ತವೆ. ಹಳೆಯ ಒಕ್ಕಲುಗಳ ಹೊಲದ ಗಡಿಗಳೇ ಹಾಗೆ ಉಳಿದುಬಂದಿವೆ.

ಇದು ಕ್ರೀ, ಒಜಿಬ್ವೆ ಜನರ ನೆಲ. ಆ ಮನೆಗಳ ಹೆಣ್ಣುಮಕ್ಕಳನ್ನು ತುಪ್ಪಳದ ವ್ಯಾಪಾರಕ್ಕೆ ಬಂದ ಯೂರೋಪಿನವರು ಕೂಡಿಕೊಂಡು ಬೆಳೆದ ಸಂತತಿಯೇ ಮೆಟಿಸ್ ಜನ. 1812ರಲ್ಲಿ ಲಾರ್ಡ್ ಸೆಲ್ಕರ್ಕ್ ಕಳಿಸಿದ ವಲಸೆಗಾರರು ಬಂದರು. ಮರುವರ್ಷ ಸರ್ವೆಯವ ಪೀಟರ್ ಫಿಡ್ಲರ್ ದಂಡೆಯುದ್ದಕ್ಕೂ ಜಮೀನು ಅಳೆದ. ನದಿಯ ಕಡೆ ಕೆಲವೇ ನೂರು ಅಡಿ ಅಗಲ, ಹಿಂದಕ್ಕೆ ಸುಮಾರು ಎರಡು ಮೈಲಿ ಉದ್ದ. ಅದರಾಚೆಗೆ ಹುಲ್ಲು ಕೊಯ್ಯುವ ಹಕ್ಕಿನ ಇನ್ನೆರಡು ಮೈಲಿ. ಪ್ರತಿ ಮನೆಗೂ ನೀರು, ಮೀನು, ದೋಣಿದಾರಿ ಸಿಗಬೇಕು, ನೆರೆಮನೆ ಕೂಗಳತೆಯಲ್ಲಿರಬೇಕು. ಬದುಕು ಬಲ್ಲವರ ಹಂಚಿಕೆ ಅದು.

1869ರಲ್ಲಿ ಈ ಸೀಮೆ ತುಪ್ಪಳ ವ್ಯಾಪಾರದ ಹಡ್ಸನ್ಸ್ ಬೇ ಕಂಪನಿಯ ಕೈಯಿಂದ ಕೆನಡಾಕ್ಕೆ ಹೋಗುವುದಿತ್ತು. ಹಸ್ತಾಂತರ ಮುಗಿಯುವ ಮೊದಲೇ, ದಂಡೆಯ ಜನರನ್ನು ಒಂದು ಮಾತೂ ಕೇಳದೆ ಸರ್ವೆಯವರು ಬಂದಿಳಿದರು. ದೊಡ್ಡ ದೊಡ್ಡ ಚೌಕಗಳು ಅವರ ಲೆಕ್ಕ. ಕೈಯಲ್ಲಿ 66 ಅಡಿಯ ಚೈನು. ಅದರ ಅರ್ಧ, 33 ಅಡಿ, ನಮ್ಮ ಗುಂಟೆಯ ಒಂದು ಮಗ್ಗುಲು. ಅಕ್ಟೋಬರ್ 11ರಂದು ಆ ಚೈನು ದಂಡೆಯ ರೈತ ಆಂಡ್ರೆ ನಾಲ್ಟ್‌ನ ಹುಲ್ಲುಗಾವಲಿಗೆ ಬಂತು. ಅವನಿಗೆ ಇಂಗ್ಲಿಷ್ ಬಾರದು. ಅವನ ಬಂಧು, ಮೆಟಿಸರ ಮುಂದಾಳು ಲೂಯಿ ರಿಯೆಲ್ ಹತ್ತಾರು ಜನರೊಂದಿಗೆ ಬಂದ. ಯಾರ ಕೈಯಲ್ಲೂ ಆಯುಧವಿರಲಿಲ್ಲ. ಚೈನನ್ನು ಮೆಟ್ಟಿ ನಿಂತರು, ಅಷ್ಟೇ. ಸರ್ವೆ ನಿಂತಿತು.

ಆ ಪ್ರತಿರೋಧ ಬೆಳೆದು ಮುಂದಿನ ವರ್ಷ ಮ್ಯಾನಿಟೋಬ ಪ್ರಾಂತ್ಯವಾಯಿತು. ದಂಡೆಯ ಪಟ್ಟಿಗಳು ಉಳಿದವು, ಪ್ಯಾರಿಷ್, ಅಂದರೆ ಚರ್ಚಿನ ವಲಯದ ಲೆಕ್ಕದಲ್ಲಿ ಅವಕ್ಕೆ ನಂಬರು ಬಿದ್ದವು. ಇಂದು ಇಲ್ಲಿ ಪೂರ್ವಿಕರನ್ನು ಹುಡುಕುವವರಿಗೆ ಆ ಲಾಟ್ ನಂಬರೇ ಮೊದಲ ಆಧಾರ. ನಂಬರು ಸಿಕ್ಕರೆ ಅಕ್ಕಪಕ್ಕದ ಲಾಟುಗಳನ್ನೂ ನೋಡಬೇಕು, ಅಣ್ಣನದೋ ಮಾವನದೋ ಮನೆ ಅಲ್ಲೇ ಇರುವುದುಂಟು. 1860ರಲ್ಲಿ ಸೇಂಟ್ ಬೋನಿಫೇಸ್ ಕೆಥೆಡ್ರಲ್ ಬೆಂಕಿಗೆ ತುತ್ತಾದಾಗ ಹಳೆಯ ಜನನ, ಮದುವೆ ದಾಖಲೆಗಳು ಸುಟ್ಟವು. ಆ ಕೊರತೆಯನ್ನು ಒಂದಿಷ್ಟು ತುಂಬುವುದು 1870ರ ಜನಗಣತಿ, ಮತ್ತೆ ಜಮೀನಿನ ಹಕ್ಕಿಗಾಗಿ ಮೆಟಿಸರು ಕೊಟ್ಟ ಪ್ರಮಾಣಪತ್ರಗಳು. ಅಪ್ಪ ಅಮ್ಮನ ಹೆಸರು, ಹುಟ್ಟಿದ ಪ್ಯಾರಿಷ್ ಎಲ್ಲ ಅವುಗಳಲ್ಲಿದೆ.

ಆ ಹಕ್ಕು ಮಾತ್ರ ನೆಟ್ಟಗೆ ಕೈಸೇರಲಿಲ್ಲ. ಮೆಟಿಸ್ ಮಕ್ಕಳಿಗೆಂದು ಕಾನೂನಿನಲ್ಲೇ ಬರೆದಿಟ್ಟದ್ದು 14 ಲಕ್ಷ ಎಕರೆ. ವಿಳಂಬ ಮತ್ತು ಭೂದಲ್ಲಾಳಿಗಳ ನಡುವೆ ಎಷ್ಟೋ ಸಂಸಾರಗಳು ಬರಿಗೈಯಲ್ಲಿ ಪಶ್ಚಿಮಕ್ಕೆ ಗುಳೆ ಹೋದವು. ದಕ್ಷಿಣ ಸಸ್ಕಾಚೆವಾನ್ ನದಿ ದಂಡೆಯ ಬಟೋಷ್‌ನಲ್ಲಿ ಮತ್ತೆ ಅದೇ ಬಗೆಯ ಉದ್ದನೆಯ ಪಟ್ಟಿಗಳನ್ನು ಹಾಕಿಕೊಂಡರು. ಸರ್ಕಾರ ತನ್ನ ಕರ್ತವ್ಯವನ್ನು ಶ್ರದ್ಧೆಯಿಂದ ಮಾಡಲಿಲ್ಲವೆಂದು ಕೆನಡಾದ ಸುಪ್ರೀಂ ಕೋರ್ಟ್ ಹೇಳಿದ್ದು 2013ರಲ್ಲಿ.