ಹಳ್ಳಿಯ ಶಾಲೆ, ಮಕ್ಕಳ ಸಾಧನೆ: ತಗಡೂರು ಸೀಮೆಯ ಒಂದು ಅವಲೋಕನ

ದೇವಾಲಯದ ಶತಮಾನೋತ್ಸವದ ಸಂಚಿಕೆಗಳಲ್ಲಿ ಶಾಲಾಮಕ್ಕಳ ಸಾಧನೆಗೆ ಒಂದೆರಡು ಪುಟ ಮೀಸಲಿಡುವುದು ನಡೆದುಬಂದ ಸಂಪ್ರದಾಯ. ಕಂಠಪಾಠದಲ್ಲಿ ಬಹುಮಾನ ಪಡೆದವರು, ಓಟದಲ್ಲಿ ಗೆದ್ದವರು, ನವೋದಯ ಅಥವಾ ಮುರಾರ್ಜಿ ದೇಸಾಯಿ ವಸತಿ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಈ ಪುಟಗಳಲ್ಲಿ ಸ್ಮರಣೆಗೆ ಪಾತ್ರರಾಗುತ್ತಾರೆ. ಇದು ಯೋಗ್ಯವೇ ಸರಿ. ಆದರೆ ಪ್ರಾಥಮಿಕ ಶಾಲೆಯ ಮಗುವಿನ ಸಾಧನೆ ಎಂದರೇನು ಎಂಬ ಪ್ರಶ್ನೆಗೆ ಒಂದೊಂದು ಕಾಲ ಒಂದೊಂದು ಉತ್ತರ ಕೊಟ್ಟಿದೆ. ನಂಜನಗೂಡು, ತಿರುಮಕೂಡಲು ನರಸೀಪುರಗಳ ನಡುವಣ ತಗಡೂರು ಸೀಮೆಯನ್ನು ಕಣ್ಣಮುಂದಿಟ್ಟುಕೊಂಡು ಆ ಉತ್ತರಗಳನ್ನು ಸ್ಥೂಲವಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪೂರ್ವದ ಹೆಜ್ಜೆಗಳು

ಮೈಸೂರು ರಾಜ್ಯದಲ್ಲಿ ಕ್ರೈಸ್ತ ಧರ್ಮಸೇವೆ ಮೊದಲಿನಿಂದಲೂ ಕನ್ನಡದ ಅಕ್ಷರದೊಡನೆ ನಂಟು ಬೆಳೆಸಿಕೊಂಡಿತ್ತು. ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ದೊ ಚಿನ್ನಮಿಯವರು ಜನರ ಭಾಷೆಯನ್ನು ಕಲಿತು, ಜ್ಞಾನೋಪದೇಶವನ್ನು ಕನ್ನಡದಲ್ಲಿಯೇ ಬರೆದರು. 1799ರ ಅನಂತರ ಶ್ರೀರಂಗಪಟ್ಟಣದ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸಲು ಬಂದ ಫ್ರೆಂಚ್ ಗುರು ಅಬ್ಬೆ ದುಬಾಯ್ ಅವರು ಹಾಸನದ ಸೀಮೆಯ ಶೆಟ್ಟಿಹಳ್ಳಿಯಲ್ಲಿ ಬಡ ಕ್ರೈಸ್ತ ಕುಟುಂಬಗಳಿಗೆ ಬೇಸಾಯದ ನೆಲೆ ಕಲ್ಪಿಸಿದರು. ಸಿಡುಬಿನ ವಿರುದ್ಧ ಸಾವಿರಾರು ಜನರಿಗೆ ದೇವಿ ಹಾಕಿಸಿದರು. ಹಸಿದ, ಕಾಯಿಲೆಬಿದ್ದ ಮಗು ಅಕ್ಷರ ಕಲಿಯಲಾರದು ಎಂಬ ಸತ್ಯವನ್ನು ಅವರ ಕಾರ್ಯವು ಬಹು ಹಿಂದೆಯೇ ತೋರಿಸಿಕೊಟ್ಟಿತು.

ಆದರೂ ಮಿಷನರಿಗಳು ಸ್ಥಾಪಿಸಿದ ದೊಡ್ಡ ವಿದ್ಯಾಸಂಸ್ಥೆಗಳು ಬಹುಮಟ್ಟಿಗೆ ಪಟ್ಟಣಗಳಲ್ಲಿಯೇ ಬೆಳೆದವು. ಗುಡ್ ಶೆಫರ್ಡ್ ಕನ್ಯಾಸ್ತ್ರೀಯರು 1854ರಲ್ಲಿ ಬೆಂಗಳೂರಿಗೆ ಬಂದರು. 1858ರಲ್ಲಿ ಅಲ್ಲಿಯೇ ಸಂತ ಜೋಸೆಫರ ಶಾಲೆ ಆರಂಭವಾಯಿತು. ಮೈಸೂರಿನ ಸಂತ ಫಿಲೋಮಿನಾ ಕಾಲೇಜು ಹುಟ್ಟಿದ್ದು 1946ರಲ್ಲಿ. ಹಳ್ಳಿಯ ಮಗುವಿಗೆ ಬಹುಕಾಲ ಗತಿಯಾಗಿದ್ದುದು ಊರಿನ ಕೂಲಿಮಠ. ಅಲ್ಲಿ ಮರಳ ಮೇಲೆ ಅಕ್ಷರ ತಿದ್ದಿ, ಮಗ್ಗಿ ಒಪ್ಪಿಸಿದರೆ ಅದೇ ಸಾಧನೆ.

ಬಾಗಿಲು ತೆರೆದ ಕಾಲ

ಮೈಸೂರು ಸಂಸ್ಥಾನದಲ್ಲಿ ವಿದ್ಯಾ ಇಲಾಖೆ 1857ರಲ್ಲಿ ಏರ್ಪಟ್ಟಿತು. ಶಾಸನತಜ್ಞರೆಂದು ನಾವೆಲ್ಲ ಬಲ್ಲ ಬಿ. ಎಲ್. ರೈಸ್ ಅವರು ವಿದ್ಯಾ ಇಲಾಖೆಯಲ್ಲಿದ್ದಾಗ, 1868ರಲ್ಲಿ, ಹೋಬಳಿಗೊಂದು ಶಾಲೆ ಇರಬೇಕೆಂಬ ಯೋಜನೆ ರೂಪಿಸಿದರು. ಪಟ್ಟಣದ ವಿದ್ಯೆ ಗ್ರಾಮಾಂತರಕ್ಕೆ ಇಳಿಯಲು ತೊಡಗಿದ್ದು ಹೀಗೆ. 1913ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, ಪ್ರಾಥಮಿಕ ಶಿಕ್ಷಣದ ಶಾಸನ ಬಂದು, ಆಯ್ದ ಸ್ಥಳಗಳಲ್ಲಿ ಕಡ್ಡಾಯ ಶಿಕ್ಷಣಕ್ಕೆ ಅವಕಾಶವಾಯಿತು.

ಆದರೆ ಶಾಲೆ ಇದ್ದ ಮಾತ್ರಕ್ಕೆ ಎಲ್ಲ ಮಕ್ಕಳೂ ಒಳಗೆ ಕೂಡುವಂತಿರಲಿಲ್ಲ. 1915ರಲ್ಲಿ ದಲಿತ ಮಕ್ಕಳನ್ನು ಸಾರ್ವಜನಿಕ ಶಾಲೆಗಳಿಗೆ ಸೇರಿಸಿಕೊಳ್ಳಬೇಕೆಂದು ಸರ್ಕಾರ ಆಜ್ಞೆ ಹೊರಡಿಸಿದಾಗ ಹಲವೆಡೆ ಪ್ರತಿಭಟನೆ ಎದ್ದಿತು. ಆ ದಿನಗಳಲ್ಲಿ ಊರ ಹೊರಗಿನ ಕೇರಿಯ ಮಗುವೊಂದು ಜಗಲಿ ದಾಟಿ ಒಳಗೆ ಬಂದು, ಉಳಿದವರ ಜೊತೆ ಒಂದೇ ಸಾಲಿನಲ್ಲಿ ಕುಳಿತುಕೊಂಡಿತೆಂದರೆ ಅದಕ್ಕಿಂತ ದೊಡ್ಡ ಬಹುಮಾನ ಯಾವುದಿದ್ದೀತು?

ತಗಡೂರಿನ ಹೆಸರು ನಾಡಿಗೆ ಪರಿಚಿತವಾದದ್ದು ಈ ಹೋರಾಟದ ಮುಂದಿನ ಅಧ್ಯಾಯದಲ್ಲಿ. ಗಾಂಧೀವಾದಿ ತಗಡೂರು ರಾಮಚಂದ್ರರಾಯರು ತಮ್ಮ ಹೆಸರಿನೊಡನೆ ಊರಿನ ಹೆಸರನ್ನೂ ಸ್ವಾತಂತ್ರ್ಯ ಚಳವಳಿಯ ಇತಿಹಾಸದಲ್ಲಿ ಸೇರಿಸಿದರು. ಖಾದಿ ಮತ್ತು ಅಸ್ಪೃಶ್ಯತಾ ನಿವಾರಣೆ ಅವರ ಬಾಳಿನ ಎರಡು ವ್ರತಗಳು. ಇದೇ ತಾಲ್ಲೂಕಿನ ಬದನವಾಳು ಖಾದಿ ಕೇಂದ್ರಕ್ಕೆ ಸ್ವತಃ ಗಾಂಧೀಜಿಯವರೇ ಬಂದಿದ್ದರು. ನೂಲುವ ಕೈಗೂ ಓದುವ ಕಣ್ಣಿಗೂ ಭೇದವಿರಬಾರದೆಂಬ ಅವರ ವಿಚಾರ 1937ರ ವಾರ್ಧಾ ಸಮ್ಮೇಳನದಲ್ಲಿ ಮೂಲಶಿಕ್ಷಣದ ರೂಪ ತಳೆಯಿತು. ನಾಜರೇತಿನ ಬಡಗಿಯ ಮನೆಯಲ್ಲಿ ಬೆಳೆದ ಪ್ರಭುವನ್ನು ಆರಾಧಿಸುವ ನಮಗೆ ಕೈಕೆಲಸದ ಘನತೆಯನ್ನು ಯಾರೂ ಹೊಸದಾಗಿ ಬೋಧಿಸಬೇಕಾಗಿಲ್ಲ.

ನಲಿಯುತ್ತಾ ಕಲಿತ ಮಕ್ಕಳು

ಇತ್ತೀಚಿನ ಕಾಲಕ್ಕೆ ಬಂದರೆ, ಮೈಸೂರು ಜಿಲ್ಲೆ ಇಡೀ ರಾಜ್ಯಕ್ಕೆ ಒಂದು ಕಾಣಿಕೆ ಕೊಟ್ಟಿದೆ. ನಂಜನಗೂಡಿನ ನೆರೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾದ ‘ನಲಿ-ಕಲಿ’ ಪದ್ಧತಿಯೇ ಅದು. ಸರ್ಕಾರಿ ಶಾಲೆಗಳ ಸಾಮಾನ್ಯ ಉಪಾಧ್ಯಾಯರು ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿಯ ಕ್ರಮವನ್ನು ನೋಡಿ ಬಂದು, ನಮ್ಮ ಮಕ್ಕಳಿಗೆ ಒಗ್ಗುವ ಕಲಿಕೆಯ ಕಾರ್ಡುಗಳನ್ನು ತಾವೇ ಸಿದ್ಧಪಡಿಸಿದರು. ಗೋಡೆಯಲ್ಲಿ ಕಲಿಕಾ ಏಣಿ, ತಲೆಯ ಮೇಲೆ ಚಿತ್ರಗಳು ತೂಗುವ ಚಪ್ಪರ, ಮಗುವಿನ ಕೈಗೆಟುಕುವ ಎತ್ತರದಲ್ಲಿ ಕಪ್ಪುಹಲಗೆ. ಬಿತ್ತನೆಯ ಕಾಲದಲ್ಲಿ ವಾರಗಟ್ಟಲೆ ಶಾಲೆ ತಪ್ಪಿಸಿದ ಮಗು ಹಿಂತಿರುಗಿದಾಗ, ತಾನು ನಿಂತ ಮೆಟ್ಟಿಲಿನಿಂದಲೇ ಮುಂದೆ ಸಾಗಬಹುದು. ಹಿಂದೆ ಬಿದ್ದೆನೆಂಬ ಅವಮಾನವಿಲ್ಲ, ಬೆತ್ತದ ಭಯವೂ ಇಲ್ಲ. 2009-10ರಲ್ಲಿ ಈ ಪದ್ಧತಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆ ವಿಸ್ತರಿಸಿತು.

ಇದರ ಜೊತೆಗೆ ಊಟದ ವ್ಯವಸ್ಥೆ ಬಂದಿತು. 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹ ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂದಿತು. 2013ರಲ್ಲಿ ಕ್ಷೀರಭಾಗ್ಯದ ಹಾಲು ಸೇರಿತು. ಒಂದೇ ಪಂಕ್ತಿಯಲ್ಲಿ ಎಲ್ಲ ಜಾತಿಮತಗಳ ಮಕ್ಕಳು ಉಣ್ಣುವ ಈ ದೃಶ್ಯಕ್ಕಾಗಿ ರಾಮಚಂದ್ರರಾಯರಂಥವರು ಎಷ್ಟು ನಿಂದೆಯನ್ನು ನುಂಗಿರಬೇಕೆಂದು ನಾವು ಮರೆಯಬಾರದು. ಪ್ರತಿಭಾ ಕಾರಂಜಿಯ ಮೂಲಕ ಹಳ್ಳಿಯ ಮಕ್ಕಳ ಕಂಠಪಾಠ, ಕಥೆ, ಚಿತ್ರ, ಮಣ್ಣಿನ ಬೊಂಬೆ, ಛದ್ಮವೇಷಗಳಿಗೂ ವೇದಿಕೆ ದೊರೆಯಿತು. ಕ್ಲಸ್ಟರಿನಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ ಏರುವ ಮಗುವಿಗೆ ತನ್ನ ಊರಿನಾಚೆಯ ಲೋಕ ಮೊದಲ ಬಾರಿಗೆ ಕಾಣುತ್ತದೆ.

2020ರ ಮಾರ್ಚಿನಲ್ಲಿ ಕೊರೋನಾ ಪಿಡುಗಿನಿಂದ ಶಾಲೆಗಳು ಮುಚ್ಚಿದಾಗ ಈ ಎಲ್ಲ ಗಳಿಕೆಗೆ ಪೆಟ್ಟು ಬಿದ್ದಿತು. ಫೋನಿಲ್ಲದ ಮನೆಯ ಮಕ್ಕಳಿಗೆ ಪಾಠವೇ ಇಲ್ಲವಾಯಿತು. ಆ ವರ್ಷ ‘ವಿದ್ಯಾಗಮ’ದ ಹೆಸರಿನಲ್ಲಿ ಉಪಾಧ್ಯಾಯರು ಮರದಡಿ, ಜಗಲಿಗಳ ಮೇಲೆ ಮಕ್ಕಳನ್ನು ಕೂಡಿಸಿ ಕಲಿಸಿದರು, 2022-23ರಲ್ಲಿ ‘ಕಲಿಕಾ ಚೇತರಿಕೆ’ ನಡೆಯಿತು. ಮರೆತ ಅಕ್ಷರವನ್ನು ಮತ್ತೆ ಕಲಿತು ಒಂದು ಪುಟ ತಡವರಿಸದೆ ಓದಿದ ಮಗುವಿನ ಹೆಸರು ಯಾವ ಬಹುಮಾನದ ಪಟ್ಟಿಯಲ್ಲಿಯೂ ಇಲ್ಲ. ಆದರೂ ಅದು ಸಾಧನೆಯೇ.

ನಮ್ಮ ಮುಂದಿರುವ ಪ್ರಶ್ನೆ

1965ರ ಅಕ್ಟೋಬರ್ 28ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಕ್ರೈಸ್ತ ಶಿಕ್ಷಣವನ್ನು ಕುರಿತ ಘೋಷಣೆಯನ್ನು ಪ್ರಕಟಿಸಿತು. ಬಡವರು, ಕುಟುಂಬದ ಆಸರೆಯಿಲ್ಲದವರು, ವಿಶ್ವಾಸದಿಂದ ದೂರವಿರುವವರು, ಇವರಿಗೆ ಕಥೋಲಿಕ ಶಾಲೆಗಳು ವಿಶೇಷವಾಗಿ ನೆರವಾಗಬೇಕೆಂದು ಅದು ಗುರುಗಳಿಗೂ ಭಕ್ತರಿಗೂ ನೆನಪಿಸಿತು. ಇಂದು ನಮ್ಮ ಕುಟುಂಬಗಳಲ್ಲಿ ಅನೇಕರು ಸಾಲ ಮಾಡಿಯಾದರೂ ಮಕ್ಕಳನ್ನು ಪಟ್ಟಣದ ಇಂಗ್ಲಿಷ್ ಶಾಲೆಗೆ ಕಳುಹಿಸುತ್ತಾರೆ. ತಂದೆತಾಯಿಯರ ಆಸೆಯನ್ನು ಹಳಿಯುವುದು ನ್ಯಾಯವಲ್ಲ. ಆದರೆ ಅನುಕೂಲವಿದ್ದವರೆಲ್ಲ ಹಳ್ಳಿಯ ಶಾಲೆಯನ್ನು ಬಿಟ್ಟುಹೋದರೆ, ಅಲ್ಲಿ ಉಳಿದ ಮಗುವಿನ ಪರವಾಗಿ ಮಾತನಾಡುವವರು ಯಾರು? ಛಾವಣಿ ಸೋರಿದರೆ, ಉಪಾಧ್ಯಾಯರ ಹುದ್ದೆ ಖಾಲಿ ಉಳಿದರೆ ಕೇಳುವವರು ಯಾರು?

ಧರ್ಮಕೇಂದ್ರವೊಂದು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಸಂಜೆಯ ವೇಳೆ ಜ್ಞಾನೋಪದೇಶದ ಕೊಠಡಿಯನ್ನು ಎಲ್ಲ ಮತದ ಮಕ್ಕಳ ಓದಿಗೆ ತೆರೆದಿಡಬಹುದು. ಸರ್ಕಾರಿ ಶಾಲೆಯ ಅಭಿವೃದ್ಧಿ ಸಮಿತಿಯಲ್ಲಿ ನಮ್ಮ ಪೋಷಕರು ಭಾಗವಹಿಸಬಹುದು. ಶಾಲೆ ಬಿಟ್ಟ ಮಗುವಿನ ಮನೆಗೆ ಯುವಕ ಸಂಘದವರು ಹೋಗಿ ಬರಬಹುದು. ಆರರಿಂದ ಹದಿನಾಲ್ಕು ವಯಸ್ಸಿನ ಪ್ರತಿ ಮಗುವಿಗೂ ಶಿಕ್ಷಣ ಹಕ್ಕೆಂದು 2010ರ ಏಪ್ರಿಲ್ 1ರಿಂದ ಕಾನೂನೇ ಹೇಳುತ್ತಿದೆ. ಆ ಹಕ್ಕನ್ನು ಮಗುವಿನ ಮನೆಯ ಬಾಗಿಲಿಗೆ ಮುಟ್ಟಿಸುವುದು ನೆರೆಯವರ ಕರ್ತವ್ಯ.

ಶಿಷ್ಯರು ತಡೆದಾಗಲೂ ಮಕ್ಕಳನ್ನು ಹತ್ತಿರಕ್ಕೆ ಕರೆದು ಆಶೀರ್ವದಿಸಿದ ಯೇಸುಸ್ವಾಮಿ, ಆ ಮಕ್ಕಳಲ್ಲಿ ಯಾರು ಮೊದಲಿಗರೆಂದು ವಿಚಾರಿಸಲಿಲ್ಲ. ನೂರು ವರ್ಷ ತುಂಬಿದ ದೇವಾಲಯವು ಮುಂದಿನ ನೂರು ವರ್ಷಗಳಿಗೆ ಕಾಲಿಡುವಾಗ, ಗೆದ್ದ ಮಕ್ಕಳ ಪಟ್ಟಿಯ ಜೊತೆಗೆ, ಶಾಲೆ ಬಿಡದೆ ಉಳಿದ ಮಕ್ಕಳ ಪಟ್ಟಿಯನ್ನೂ ಹೆಮ್ಮೆಯಿಂದ ಬರೆಯುವಂತಾಗಲಿ. ಮಕ್ಕಳ ಪ್ರಿಯನಾದ ಪ್ರಭು ಅವರೆಲ್ಲರನ್ನೂ, ಅವರಿಗೆ ಅಕ್ಷರ ಕಲಿಸಿದ ಉಪಾಧ್ಯಾಯರನ್ನೂ ಹರಸಲಿ.