ಬೆಂಗಳೂರಿನ ಪಶ್ಚಿಮದ ದಾರಿಗಳು: ದರ್ಶನ, ದಾಖಲೆ ಮತ್ತು ಸ್ಥಳಸ್ಮೃತಿ

ಒಂದು ಸ್ಥಳವು ‘ಪ್ರೇಕ್ಷಣೀಯ’ವಾಗುವುದು ಯಾವಾಗ? ಅಲ್ಲಿ ಬೆಟ್ಟವೋ ಗುಡಿಯೋ ಕೋಟೆಯೋ ಇದ್ದ ಮಾತ್ರಕ್ಕೆ ಅದು ಪ್ರೇಕ್ಷಣೀಯವೆನಿಸಿಕೊಳ್ಳುವುದಿಲ್ಲ. ಯಾರೋ ಅದನ್ನು ನೋಡಬೇಕು, ನೋಡಿದ್ದನ್ನು ಬರೆಯಬೇಕು ಅಥವಾ ಚಿತ್ರಿಸಬೇಕು. ಬರೆದದ್ದನ್ನು ಓದಿದವರು ಮತ್ತೆ ಅಲ್ಲಿಗೆ ಬರಬೇಕು. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿರುವ ಮಾಚು ಪಿಚುವಿನ ಸಂಗತಿ ಇದಕ್ಕೆ ಪ್ರಸಿದ್ಧ ನಿದರ್ಶನ. 1911ರ ಜುಲೈನಲ್ಲಿ ಹೈರಮ್ ಬಿಂಗಮ್ ಎಂಬ ಅಮೆರಿಕನ್ ವಿದ್ವಾಂಸನು ಆ ಇಂಕಾ ನಗರಿಯನ್ನು ‘ಕಂಡುಹಿಡಿದನು’ ಎಂದು ಲೋಕವು ಬಹುಕಾಲ ನಂಬಿತ್ತು. ಆದರೆ ಆತ ಬೆಟ್ಟ ಹತ್ತಿದಾಗ ಅಲ್ಲಿನ ಮೆಟ್ಟಿಲುಗದ್ದೆಗಳಲ್ಲಿ ರೈತ ಕುಟುಂಬಗಳು ಬೇಸಾಯ ಮಾಡಿಕೊಂಡಿದ್ದವು. ಅಗಸ್ಟಿನ್ ಲಿಸಾರಾಗ ಎಂಬ ಆ ಸೀಮೆಯವನೊಬ್ಬನು 1902ರಲ್ಲಿಯೇ ಅಲ್ಲಿನ ಗೋಡೆಯೊಂದರ ಮೇಲೆ ತನ್ನ ಹೆಸರನ್ನೂ ಇಸವಿಯನ್ನೂ ಬರೆದುಹೋಗಿದ್ದನು. ನೇಮಿಚಂದ್ರ ಅವರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಎಂಬ ಪ್ರವಾಸ ಕಥನದ ಮೂಲಕ ಕನ್ನಡದ ಓದುಗರಿಗೂ ಆ ನಾಡು ಅಪರಿಚಿತವಾಗಿ ಉಳಿದಿಲ್ಲ.

ಸ್ಥಳೀಯರ ಬದುಕಿನಲ್ಲಿ ಸದಾ ಇದ್ದುದು ಹೊರಗಿನವರ ಕಣ್ಣಿಗೆ ಬಿದ್ದಾಗ ಮಾತ್ರ ಚರಿತ್ರೆಯಾಗುವ ಈ ಪ್ರಕ್ರಿಯೆ ನಮ್ಮಲ್ಲಿಯೂ ನಡೆದಿದೆ. ಬೆಂಗಳೂರಿನ ಪಶ್ಚಿಮ ಭಾಗವನ್ನು, ಎಂದರೆ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ ಮತ್ತು ಕೆಂಗೇರಿಗಳನ್ನು, ಅವುಗಳ ಮೂಲಕ ಹಾದುಹೋಗುವ ಮಾಗಡಿ ಮತ್ತು ಮೈಸೂರು ರಸ್ತೆಗಳ ಸೀಮೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ನಗರ ದರ್ಶನಕ್ಕೆಂದು ಬರುವವರು ಸಾಮಾನ್ಯವಾಗಿ ಲಾಲ್‌ಬಾಗ್, ಕಬ್ಬನ್ ಉದ್ಯಾನ, ಅರಮನೆ, ವಿಧಾನಸೌಧಗಳನ್ನು ನೋಡಿ ಹಿಂದಿರುಗುತ್ತಾರೆ. ಪಶ್ಚಿಮದ ಬಡಾವಣೆಗಳಲ್ಲಿ ನೋಡತಕ್ಕ ಚರಿತ್ರೆಯೇನೂ ಇಲ್ಲವೆಂಬ ಭಾವನೆ ವಿದ್ವಾಂಸರಲ್ಲಿಯೂ ಇದೆ. ಈ ಭಾವನೆ ಹೇಗೆ ಬೆಳೆಯಿತೆಂಬುದೇ ಒಂದು ಚಾರಿತ್ರಿಕ ಪ್ರಶ್ನೆಯಾಗಿದೆ.

ಎರಡು ದಾರಿಗಳು

1537ರಲ್ಲಿ ಹಿರಿಯ ಕೆಂಪೇಗೌಡನು ಬೆಂಗಳೂರು ಪೇಟೆಯನ್ನು ನಿರ್ಮಿಸಿದ ಮೇಲೆ ಪಶ್ಚಿಮಕ್ಕೆ ಹೊರಟ ದಾರಿಗಳಲ್ಲಿ ಮಾಗಡಿಯ ದಾರಿಗೆ ವಿಶೇಷ ಮಹತ್ವವಿದೆ. 1638ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನನು ಷಹಾಜಿಯೊಡನೆ ಬಂದು ಬೆಂಗಳೂರನ್ನು ವಶಪಡಿಸಿಕೊಂಡಾಗ ಯಲಹಂಕ ನಾಡಪ್ರಭುಗಳು ಮಾಗಡಿಗೆ ಸರಿದರು. ಅಂದಿನಿಂದ ಅವರು ಮಾಗಡಿ ಕೆಂಪೇಗೌಡರೆಂದೇ ಪ್ರಸಿದ್ಧರಾದರು. 1728ರಲ್ಲಿ ಮಾಗಡಿ ಮತ್ತು ಸಾವನದುರ್ಗಗಳು ಮೈಸೂರಿನ ವಶವಾಗುವುದರೊಂದಿಗೆ ಆ ಮನೆತನದ ಆಳ್ವಿಕೆ ಕೊನೆಗೊಂಡಿತು. ಹೀಗೆ ಮಾಗಡಿ ರಸ್ತೆಯು ಒಂದು ಅರಸು ಮನೆತನವು ತಾನು ಕಟ್ಟಿದ ಊರನ್ನು ಬಿಟ್ಟು ಹೋದ ದಾರಿಯಾಗಿದೆ.

ಎರಡನೆಯದು ಕೆಂಗೇರಿ, ಬಿಡದಿ, ರಾಮನಗರ, ಚನ್ನಪಟ್ಟಣಗಳ ಮೂಲಕ ಶ್ರೀರಂಗಪಟ್ಟಣಕ್ಕೆ ಹೋಗುವ ದಾರಿ. 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸನ ಸೇನೆಯು ಬೆಂಗಳೂರನ್ನು ಮುತ್ತಿದಾಗ ಟಿಪ್ಪು ಸುಲ್ತಾನನ ಪಾಳೆಯವು ಕೆಂಗೇರಿಯ ಬಳಿ ಬೀಡುಬಿಟ್ಟಿತ್ತು. ಮಾರ್ಚ್ 7ರಂದು ಪೇಟೆಯೂ 21ರ ರಾತ್ರಿ ಕೋಟೆಯೂ ಕಂಪನಿಯ ಸೇನೆಯ ವಶವಾದವು. ಅದೇ ವರ್ಷದ ಡಿಸೆಂಬರ್ 21ರಂದು, ಅಭೇದ್ಯವೆಂದು ಪ್ರಖ್ಯಾತವಾಗಿದ್ದ ಸಾವನದುರ್ಗವೂ ಬಿದ್ದಿತು. ಶ್ರೀರಂಗಪಟ್ಟಣದ ಪತನಾನಂತರ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಬೆಂಗಳೂರು ಮತ್ತು ಶ್ರೀರಂಗಪಟ್ಟಣಗಳ ನಡುವೆ ಸಂಚರಿಸಿ ಬೆಳೆ, ಮಣ್ಣು, ಕಸುಬುಗಳ ವಿವರಗಳನ್ನು ಬರೆದಿಟ್ಟನು.

ದಂಡಿನೊಡನೆ ಬಂದ ಕಣ್ಣುಗಳು

ಈ ಸೀಮೆಯ ಪ್ರಕೃತಿದೃಶ್ಯಗಳನ್ನು ‘ನೋಟ’ಗಳೆಂದು ಮೊದಲು ಚಿತ್ರಿಸಿದವರು ದಂಡಿನೊಡನೆ ಬಂದವರು. ಕಾರ್ನ್‌ವಾಲಿಸನ ಸೇನೆಯ ಜೊತೆಗಿದ್ದ ರಾಬರ್ಟ್ ಹೋಮ್ ಎಂಬ ಕಲಾವಿದನ ಮೈಸೂರು ಸೀಮೆಯ ಆಯ್ದ ದೃಶ್ಯಗಳ ಸಂಪುಟವು 1794ರಲ್ಲಿ ಪ್ರಕಟವಾಯಿತು. ಸರ್ವೇಕ್ಷಕನಾಗಿದ್ದ ಕೋಲ್‌ಬ್ರೂಕನು ರಚಿಸಿದ ಹನ್ನೆರಡು ದೃಶ್ಯಗಳ ಸಂಪುಟವೂ ಅದೇ ಕಾಲದ್ದು. 1792ರಲ್ಲಿ ಬೆಂಗಳೂರಿಗೆ ಬಂದ ಡೇನಿಯಲ್ ಬಂಧುಗಳು ಗವಿಪುರದ ಗಂಗಾಧರೇಶ್ವರ ದೇವಾಲಯವನ್ನು ಚಿತ್ರಿಸಿದರು.

ಸಾವನದುರ್ಗದ ಬಂಡೆಯನ್ನು ಹೋಮ್ ಚಿತ್ರಿಸಿದ್ದು ಅದು ಗೆದ್ದ ದುರ್ಗವಾಗಿದ್ದುದರಿಂದ. ಆ ಬೆಟ್ಟದ ಕರಿಗುಡ್ಡ, ಬಿಳಿಗುಡ್ಡಗಳ ಬುಡದಲ್ಲಿ ಸಾವಂದಿ ವೀರಭದ್ರನಿಗೂ ನರಸಿಂಹನಿಗೂ ನಡೆದುಕೊಳ್ಳುವ ಒಕ್ಕಲುಗಳ ಯಾತ್ರೆಗೆ ಆ ಸಂಪುಟಗಳಲ್ಲಿ ಮುಖ್ಯ ಸ್ಥಾನ ದೊರೆಯಲಿಲ್ಲ. ಹಾಗೆಂದು ಈ ಚಿತ್ರಗಳನ್ನು ಆಕರಗಳಲ್ಲವೆಂದು ತಳ್ಳಿಹಾಕುವಂತಿಲ್ಲ. ಗವಿಪುರದ ದೇವಾಲಯಕ್ಕೆ ಅನಂತರ ಸೇರಿದ ಕಟ್ಟಡಗಳಾವುವು, ಸಂಕ್ರಾಂತಿಯ ಸೂರ್ಯಕಿರಣದ ಪ್ರವೇಶಕ್ಕೆ ಅವುಗಳಿಂದ ಏನು ವ್ಯತ್ಯಾಸವಾಯಿತು ಎಂಬುದನ್ನು ಇತ್ತೀಚಿನ ಅಧ್ಯಯನಕಾರರು ವಿವೇಚಿಸಿರುವುದು ಡೇನಿಯಲ್ಲರ ಚಿತ್ರಗಳನ್ನು ಆಧರಿಸಿಯೇ. ಪ್ರವಾಸಿಯ ಚಿತ್ರವನ್ನು ಅದು ಹುಟ್ಟಿದ ಸಂದರ್ಭವನ್ನು ಬಲ್ಲವರಾಗಿ ಬಳಸಿಕೊಳ್ಳಬೇಕೆಂಬುದು ಇದರ ತಾತ್ಪರ್ಯ.

ಯಾತ್ರಿಕರ ನೆನಪು ಮತ್ತು ಕಾಲನಿರ್ಣಯ

ಸ್ಥಳೀಯ ಯಾತ್ರಿಕರ ನೆನಪಿಗೂ ಇದೇ ವಿಮರ್ಶೆಯನ್ನು ಅನ್ವಯಿಸಬೇಕಾಗುತ್ತದೆ. ಮೈಸೂರು ರಸ್ತೆಯ ಬ್ಯಾಟರಾಯನಪುರದಲ್ಲಿರುವ ಗಾಳಿ ಆಂಜನೇಯಸ್ವಾಮಿ ದೇವಾಲಯವನ್ನು ನೋಡಬಹುದು. ಹಿಂದೆ ಊರು ಬಿಟ್ಟು ಮೈಸೂರಿನ ಕಡೆಗೆ ಹೊರಟವರಿಗೆ ವೃಷಭಾವತಿಯ ದಡದಲ್ಲಿದ್ದ ಈ ಗುಡಿಯು ದಾರಿಯ ಮೇಲಿನ ದೈವವಾಗಿತ್ತು. ಇಲ್ಲಿನ ಮೂರ್ತಿಯನ್ನು ವ್ಯಾಸರಾಯರು 1425ರಲ್ಲಿ ಪ್ರತಿಷ್ಠಾಪಿಸಿದರೆಂಬ ಹೇಳಿಕೆ ವ್ಯಾಪಕವಾಗಿ ಪ್ರಚಾರದಲ್ಲಿದೆ. ಆದರೆ ವ್ಯಾಸರಾಯರು ದಿವಂಗತರಾದುದು 1539ರಲ್ಲಿ. ಅವರ ಜನನಕಾಲದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿದ್ದರೂ ಕೆಲವರು ಹೇಳುವ 1447ಕ್ಕಾಗಲಿ, ಹಲವರು ಒಪ್ಪುವ 1460ರ ಸುಮಾರಿಗಾಗಲಿ 1425 ಹೊಂದಿಕೆಯಾಗುವುದಿಲ್ಲ. ಆದ್ದರಿಂದ ಕರ್ತೃ ಮತ್ತು ಇಸವಿ ಇವೆರಡರಲ್ಲಿ ಒಂದನ್ನಾದರೂ ಬಿಡಬೇಕಾಗುತ್ತದೆ.

ಆದರೆ ಇದರಿಂದ ಐತಿಹ್ಯವು ನಿರರ್ಥಕವಾಯಿತೆಂದು ಭಾವಿಸಬೇಕಾಗಿಲ್ಲ. ವ್ಯಾಸರಾಯರು 732 ಆಂಜನೇಯ ಮೂರ್ತಿಗಳನ್ನು ಪ್ರತಿಷ್ಠಾಪಿಸಿದರೆಂಬ ಸಂಪ್ರದಾಯವು ದಕ್ಷಿಣ ಭಾರತದ ಹಲವೆಡೆಗಳಲ್ಲಿದೆ. ಕೋಟೆಯ ಬಾಗಿಲು, ನದಿಯ ದಡ, ಊರಿನ ಗಡಿ ಮುಂತಾದ ಕಡೆಗಳಲ್ಲಿರುವ ಹನುಮಂತನ ಗುಡಿಗಳು ಈ ಸಂಪ್ರದಾಯದೊಳಕ್ಕೆ ಸೇರಿಕೊಂಡಿರುವುದು ಸಹಜ. ಬ್ಯಾಟರಾಯನಪುರದ ಗುಡಿಯು ಒಂದು ಕಾಲಕ್ಕೆ ನದಿ ಮತ್ತು ಹೆದ್ದಾರಿಗಳು ಹತ್ತಿರವಾಗುವ ಮುಖ್ಯ ತಂಗುದಾಣವಾಗಿತ್ತೆಂಬ ನೆನಪನ್ನು ಈ ಐತಿಹ್ಯವು ಕಾಪಾಡಿಕೊಂಡು ಬಂದಿರಬಹುದು. ಇಸವಿಯಲ್ಲಿ ತಪ್ಪಿದ ನೆನಪು ಸ್ಥಳದ ವಿಷಯದಲ್ಲಿ ಸರಿಯಾಗಿರುವುದುಂಟು.

ಇದಕ್ಕೆ ಇನ್ನಷ್ಟು ಪುಷ್ಟಿ ನೀಡುವುದು ಮಾಗಡಿ ತಾಲ್ಲೂಕಿನ ಕೆಂಪಾಪುರದ ಸಮಾಧಿ. ಊರಿನವರು ನಿತ್ಯವೂ ನೋಡುತ್ತಿದ್ದ ಒಂದು ಚಿಕ್ಕ ಕಲ್ಲಿನ ಕಟ್ಟಡದ ಮೇಲಿನ ಕನ್ನಡ ಬರಹದ ಕಡೆಗೆ 2015ರಲ್ಲಿ ಸಂಶೋಧಕರ ಗಮನ ಹರಿಯಿತು. ಕುಣಿಗಲಿನಲ್ಲಿ ಕಾದಾಡಿ ಬಂದ ಕೆಂಪೇಗೌಡನು ಆ ಸ್ಥಳದಲ್ಲಿ ಮಡಿದನೆಂಬ ಸಂಗತಿ ಅದರಿಂದ ಬೆಳಕಿಗೆ ಬಂದಿತು. 1569ರಲ್ಲಿ ತೀರಿಕೊಂಡ ನಗರ ನಿರ್ಮಾಪಕನ ಸಮಾಧಿಯು ಸುಮಾರು ನಾಲ್ಕೂವರೆ ಶತಮಾನ ವಿದ್ವಲ್ಲೋಕಕ್ಕೆ ಅಜ್ಞಾತವಾಗಿತ್ತು. ಆದರೆ ಆ ಊರು ತನ್ನ ಹೆಸರಿನಲ್ಲಿಯೇ ಅವನನ್ನು ಉಳಿಸಿಕೊಂಡಿತ್ತು. ಮಾಚು ಪಿಚುವಿನ ರೈತರ ಸಂಗತಿಗೂ ಇದಕ್ಕೂ ಇರುವ ಸಾಮ್ಯವನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ಕೆಂಗೇರಿ: ರೇಷ್ಮೆ, ರೈಲು, ಆಲದ ಮರ

ಹತ್ತೊಂಬತ್ತನೆಯ ಶತಮಾನದ ಕೆಂಗೇರಿಯು ಬೆಂಗಳೂರಿನ ಭಾಗವಾಗಿರಲಿಲ್ಲ. ಅದು ತನ್ನದೇ ಕಸುಬುಗಳಿದ್ದ ಪ್ರತ್ಯೇಕ ಕಸಬೆಯಾಗಿತ್ತು. 1866ರ ಸುಮಾರಿಗೆ, ರೋಗದಿಂದ ಕ್ಷೀಣಿಸುತ್ತಿದ್ದ ಮೈಸೂರಿನ ರೇಷ್ಮೆ ಕೃಷಿಯನ್ನು ಪುನರುಜ್ಜೀವಿಸಲು ಯತ್ನಿಸಿದ ಡಿ ವೆಚ್ಚಿ ಎಂಬ ಇಟಲಿಯ ಉದ್ಯಮಿಯು ಹಬೆಯಿಂದ ನಡೆಯುವ ನೂಲು ಬಿಚ್ಚಾಣಿಕೆ ಕಾರ್ಖಾನೆಯನ್ನು ಇಲ್ಲಿ ಸ್ಥಾಪಿಸಿದನು. 1881–82ರಲ್ಲಿ ಬೆಂಗಳೂರು–ಮೈಸೂರು ರೈಲುಮಾರ್ಗವು ಹಂತಹಂತವಾಗಿ ತೆರೆದುಕೊಂಡಾಗ ಕೆಂಗೇರಿಯು ಅದರ ನಿಲ್ದಾಣವಾಯಿತು. ಗಾಡಿಯ ದಾರಿಯಲ್ಲಿ ತಂಗಲೇಬೇಕಾಗಿದ್ದ ಊರುಗಳನ್ನು ರೈಲು ಕ್ಷಣಕಾಲ ನಿಂತು ಹೋಗುವ ಊರುಗಳನ್ನಾಗಿ ಮಾಡಿತು. ಪ್ರವಾಸದ ವೇಗವು ಹೆಚ್ಚಿದಂತೆ ನಡುದಾರಿಯ ಊರುಗಳ ವರ್ಣನೆಗಳು ಪ್ರವಾಸ ಕಥನಗಳಲ್ಲಿ ಚಿಕ್ಕದಾಗುತ್ತ ಬಂದುದನ್ನು ಇಲ್ಲಿ ಸ್ಮರಿಸಬಹುದು.

ಈ ಭಾಗದಲ್ಲಿ ಇಂದಿಗೂ ಜನರನ್ನು ಸೆಳೆಯುತ್ತಿರುವ ಸ್ಥಳವೆಂದರೆ ಕೆಂಗೇರಿಯಾಚೆ ರಾಮೋಹಳ್ಳಿಯ ಬಳಿ, ಕೇತೋಹಳ್ಳಿಯಲ್ಲಿರುವ ದೊಡ್ಡ ಆಲದ ಮರ. ಸುಮಾರು ಮೂರು ಎಕರೆಯಷ್ಟು ಹರಡಿಕೊಂಡಿರುವ ಈ ಮರಕ್ಕೆ ನಾಲ್ಕು ನೂರು ವರ್ಷಗಳೆಂಬ ಎಣಿಕೆಯಿದೆ. ರೋಗಕ್ಕೆ ತುತ್ತಾಗಿ ತಾಯಿಬೇರು ನಾಶವಾದ ಮೇಲೆ ಬಿಳಲುಗಳೇ ಕಾಂಡಗಳಾಗಿ ನಿಂತಿವೆ. ನೋಡುವವರಿಗೆ ಅದು ಒಂದು ಮರವಾಗಿ ಕಾಣದೆ ತೋಪಾಗಿ ಕಾಣುತ್ತದೆ. ಅದರ ನೆರಳಿನಲ್ಲಿರುವ ಮುನೇಶ್ವರನ ಗುಡಿಯು, ವನವಿಹಾರಿಗಳು ಬರತೊಡಗುವ ಮೊದಲೇ ಇದು ಹರಕೆಯ ಸ್ಥಳವಾಗಿದ್ದುದನ್ನು ಸೂಚಿಸುತ್ತದೆ.

ಬಡಾವಣೆಗಳ ಹೆಸರು, ಹಳ್ಳಿಗಳ ಮರೆವು

ಸ್ವಾತಂತ್ರ್ಯೋತ್ತರ ಕಾಲದಲ್ಲಿ ಪಶ್ಚಿಮದ ಭೂದೃಶ್ಯವೇ ಬದಲಾಯಿತು. 1945ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿಯು ಸ್ಥಾಪಿತವಾಯಿತು. 1949ರಲ್ಲಿ, ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರಿಂದ ಉದ್ಘಾಟಿತವಾದ ಕೈಗಾರಿಕಾ ಉಪನಗರವು ರಾಜಾಜಿನಗರವಾಯಿತು. ಸರ್ಕಾರಿ ಗಂಧದ ಸಾಬೂನು ಕಾರ್ಖಾನೆಯು 1957ರಲ್ಲಿ ಈ ಕೈಗಾರಿಕಾ ಪ್ರದೇಶಕ್ಕೆ ಸ್ಥಳಾಂತರಗೊಂಡಿತು. ಮುಂದಿನ ದಶಕಗಳಲ್ಲಿ ವಿಜಯನಗರ, ಹಂಪಿನಗರ, ಬಸವೇಶ್ವರನಗರಗಳು ಬೆಳೆದವು. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಹಳೆಯ ಮಂಡಳಿಯ ಸ್ಥಾನವನ್ನು ಪಡೆಯಿತು.

ಈ ಹೆಸರುಗಳನ್ನು ಗಮನಿಸಿದರೆ ಒಂದು ವಿಪರ್ಯಾಸವು ಕಾಣುತ್ತದೆ. ಏಕೀಕೃತ ನಾಡಿನ ಚಾರಿತ್ರಿಕ ಅಭಿಮಾನವು ಹನ್ನೆರಡನೆಯ ಶತಮಾನದ ಕಲ್ಯಾಣವನ್ನೂ ತುಂಗಭದ್ರೆಯ ದಡದ ಸಾಮ್ರಾಜ್ಯವನ್ನೂ ಇಲ್ಲಿಗೆ ತಂದಿತು. ಆದರೆ ಆ ಹೆಸರುಗಳನ್ನು ಹೊತ್ತ ನೆಲವು ಖಾಲಿಯಾಗಿರಲಿಲ್ಲ. ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಕುರುಬರಹಳ್ಳಿ, ಅಗ್ರಹಾರ ದಾಸರಹಳ್ಳಿ, ಹೊಸಹಳ್ಳಿ, ಅತ್ತಿಗುಪ್ಪೆ, ಮಾರೇನಹಳ್ಳಿಗಳೆಂಬ ಊರುಗಳು ಅಲ್ಲಿದ್ದವು. ಅಗ್ರಹಾರವೆಂಬ ಮಾತು ದತ್ತಿಯನ್ನೂ ಗುಪ್ಪೆಯೆಂಬ ಉತ್ತರಪದವು ನೆಲೆಯ ಸ್ವರೂಪವನ್ನೂ ನೆನಪಿಸುತ್ತವೆ. ಬೇರೆಡೆಯ ಚರಿತ್ರೆಯ ಗೌರವದ ಹೆಸರುಗಳು ಇಲ್ಲಿನ ಚರಿತ್ರೆಯನ್ನು ಮುಚ್ಚಿದವೆಂದರೆ ಅತಿಶಯೋಕ್ತಿಯಾಗದು.

ಹೆಸರುಗಳೊಂದಿಗೆ ಕೆರೆಗಳೂ ಹೋದವು. ಕಾಮಾಕ್ಷಿಪಾಳ್ಯ, ಕುರುಬರಹಳ್ಳಿ, ಸಾಣೆಗುರುವನಹಳ್ಳಿ, ಮಾರೇನಹಳ್ಳಿಗಳ ಕೆರೆಯಂಗಳಗಳು ಮೈದಾನ, ಕಟ್ಟಡ, ನಿವೇಶನಗಳಾದವು. ನಗರದ ಕೆರೆಗಳ ರಕ್ಷಣೆಗಾಗಿ ಎನ್. ಲಕ್ಷ್ಮಣರಾವ್ ಅವರ ಅಧ್ಯಕ್ಷತೆಯ ಸಮಿತಿಯು 1985ರಲ್ಲಿ ರಚಿತವಾಗುವ ಹೊತ್ತಿಗೆ ಬಹಳಷ್ಟು ನಷ್ಟವು ಆಗಿಹೋಗಿತ್ತು. ಈ ಕೆರೆಗಳ ಹೆಚ್ಚುನೀರನ್ನು ಹೊತ್ತು ಕೆಂಗೇರಿಯತ್ತ ಹರಿಯುತ್ತಿದ್ದ ವೃಷಭಾವತಿಯು ನಗರದ ಕೊಳಚೆ ಮತ್ತು ಕಾರ್ಖಾನೆಗಳ ತ್ಯಾಜ್ಯವನ್ನು ಬೈರಮಂಗಲದ ಕೆರೆಗೆ ಒಯ್ಯುವ ಕಾಲುವೆಯಾಯಿತು. ನದಿಯ ದಡದ ಗುಡಿಗೆ ಇಂದು ಬರುವ ಭಕ್ತನಿಗೆ ಅಲ್ಲಿ ನದಿಯಿತ್ತೆಂದು ಬೇರೆಯವರು ಹೇಳಬೇಕಾಗಿದೆ.

ಪೆರುವಿನ ಕುಸ್ಕೊ ನಗರದಲ್ಲಿ ಸ್ಪೇನಿನವರು ಇಂಕಾಗಳ ಸೂರ್ಯದೇವಾಲಯವಾದ ಕೊರಿಕಾಂಚದ ಮೇಲೆ ಸ್ಯಾಂಟೊ ಡೊಮಿಂಗೊ ಮಠವನ್ನು ಕಟ್ಟಿದರು. 1950ರ ಭೂಕಂಪದಲ್ಲಿ ಮೇಲಿನ ಕಟ್ಟಡವು ಬಹುಪಾಲು ಕುಸಿದಾಗ ಅಡಿಯಲ್ಲಿದ್ದ ಇಂಕಾ ಗೋಡೆಗಳು ಅಲುಗದೆ ನಿಂತಿದ್ದುದು ಲೋಕಕ್ಕೆ ಕಾಣಿಸಿತು. ಕಲ್ಲಿನ ನಗರದಲ್ಲಿ ಅಡಿಯ ಪದರವು ಹೀಗೆ ಉಳಿಯಬಲ್ಲದು. ಮಣ್ಣಿನ ಏರಿ, ಕೆರೆಯ ತೂಬು, ಹೊಲದ ಬದುವಿನ ವೀರಗಲ್ಲುಗಳ ಸೀಮೆಯಲ್ಲಿ ಅದು ಉಳಿಯುವುದಿಲ್ಲ. ಒಂದು ಬುಲ್‌ಡೋಜರು ಒಂದು ಮಧ್ಯಾಹ್ನದಲ್ಲಿ ಅಳಿಸಿದ್ದನ್ನು ಯಾವ ಭೂಕಂಪವೂ ಮರಳಿ ತೋರಿಸಲಾರದು. ಆದ್ದರಿಂದಲೇ ಇಲ್ಲಿ ದಾಖಲೆಯ ಕೆಲಸಕ್ಕೆ ತುರ್ತು ಹೆಚ್ಚು. ಬಿ.ಎಲ್. ರೈಸ್ ಅವರ ಸಂಪಾದಕತ್ವದಲ್ಲಿ 1905ರಲ್ಲಿ ಹೊರಬಂದ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟವು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಗ್ರಾಮವಾರು ದಾಖಲಿಸಿತು. ಅದರಲ್ಲಿ ಪಾಠವಿರುವ ಎಷ್ಟೋ ಕಲ್ಲುಗಳು ಇಂದು ಸ್ಥಳದಲ್ಲಿಲ್ಲ. ಮಿಥಿಕ್ ಸೊಸೈಟಿಯು 2021ರಿಂದ ಉಳಿದ ಶಾಸನಗಳ ಮೂರು ಆಯಾಮಗಳ ಡಿಜಿಟಲ್ ಪ್ರತಿಗಳನ್ನು ಸಿದ್ಧಪಡಿಸುತ್ತಿರುವುದು ಈ ದಿಸೆಯಲ್ಲಿ ಸ್ತುತ್ಯವಾದ ಕಾರ್ಯ.

ಉಪಸಂಹಾರ

ಪಶ್ಚಿಮಕ್ಕೆ ಇಂದು ಹೊಸದೊಂದು ದಾರಿ ತೆರೆದಿದೆ. 2015ರಲ್ಲಿ ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಯವರೆಗೂ, 2021ರಲ್ಲಿ ಕೆಂಗೇರಿಯವರೆಗೂ, 2023ರಲ್ಲಿ ಚಲ್ಲಘಟ್ಟದವರೆಗೂ ಮೆಟ್ರೊ ರೈಲು ಸಂಚಾರ ಆರಂಭವಾಯಿತು. ಹೊಸಹಳ್ಳಿ, ಅತ್ತಿಗುಪ್ಪೆ, ನಾಯಂಡಹಳ್ಳಿ, ಪಟ್ಟಣಗೆರೆ, ಚಲ್ಲಘಟ್ಟಗಳೆಂಬ ಹಳ್ಳಿಯ ಹೆಸರುಗಳು ನಿಲ್ದಾಣಗಳ ಫಲಕಗಳ ಮೇಲೆ ಬಂದಿರುವುದು ಗಮನಾರ್ಹ. ಬಡಾವಣೆಗಳು ಮರೆಸಿದ್ದ ಹೆಸರುಗಳನ್ನು ರೈಲು ದಿನವೂ ಸಾವಿರಾರು ಜನರ ಬಾಯಲ್ಲಿ ಆಡಿಸುತ್ತಿದೆ. 2025ರಲ್ಲಿ ನಗರಾಡಳಿತವನ್ನು ಐದು ಪಾಲಿಕೆಗಳಾಗಿ ವಿಂಗಡಿಸಿದಾಗ ಬೆಂಗಳೂರು ಪಶ್ಚಿಮವು ಒಂದು ಪ್ರತ್ಯೇಕ ಘಟಕವೂ ಆಯಿತು.

ಈ ಸಂದರ್ಭದಲ್ಲಿ ಆಗಬೇಕಾದ ಕೆಲಸಗಳು ಅಸಾಧ್ಯವಾದವುಗಳಲ್ಲ. ಹಳ್ಳಿಯ ಹೆಸರಿನ ಪ್ರತಿಯೊಂದು ನಿಲ್ದಾಣದಲ್ಲಿ ಆ ಊರಿನ ಕೆರೆ, ಗುಡಿ, ಶಾಸನಗಳ ಸಂಕ್ಷಿಪ್ತ ಪರಿಚಯವಿರಬೇಕು. ಶಾಸನ ಸಂಪುಟದ ಗ್ರಾಮಗಳನ್ನು ಇಂದಿನ ವಾರ್ಡುಗಳೊಂದಿಗೆ ಹೊಂದಿಸಿದ ನಕ್ಷೆಯು ಸಿದ್ಧವಾಗಬೇಕು. ಬಡಾವಣೆಗಳಾಗುವ ಮೊದಲು ಈ ಊರುಗಳಲ್ಲಿ ಉತ್ತುಬಿತ್ತಿದ್ದ ಹಿರಿಯರ ಮೌಖಿಕ ನಿರೂಪಣೆಗಳನ್ನು ಅವರಿರುವಾಗಲೇ ಸಂಗ್ರಹಿಸಬೇಕು. ಪ್ರೇಕ್ಷಣೀಯ ಸ್ಥಳಗಳನ್ನು ಹುಡುಕಿ ದೂರದ ಆಂಡಿಸ್ ಪರ್ವತಗಳಿಗೆ ಹೋಗಿಬರುವಷ್ಟು ಅನುಕೂಲ ಇಂದಿನ ಕನ್ನಡಿಗರಿಗೆ ಒದಗಿದೆ. ಅಲ್ಲಿನ ಗೋಡೆಗಳ ಮುಂದೆ ನಿಂತು ಕಲಿತ ವಿನಯವನ್ನು ನಾವು ವಾಸಿಸುವ ಬೀದಿಯ ಅಡಿಯಲ್ಲಿರುವ ಊರಿಗೂ ತೋರಿಸಿದಲ್ಲಿ ಪಶ್ಚಿಮ ಬೆಂಗಳೂರಿನ ಚರಿತ್ರೆಯನ್ನು ಹೊಸದಾಗಿ ಬರೆಯುವುದು ಸಾಧ್ಯವಾದೀತು.