ನಿಲ್ಲುವ ಮುನ್ನಿನ ವರ್ಷಗಳು

ಹೆಣ್ಣಿನ ಬಾಳಿನ ತಿರುವುಗಳಿಗೆ ನಮ್ಮ ಮನೆಮಾತಿನಲ್ಲಿ ಹೆಸರುಗಳ ಬರವಿಲ್ಲ. ಮೈನೆರೆದಳು, ಬಸುರಿಯಾದಳು, ಬಾಣಂತಿಯಾದಳು, ಮುಟ್ಟು ನಿಂತಿತು ಎಂದು ಒಂದೊಂದು ಘಟ್ಟಕ್ಕೂ ಒಂದೊಂದು ಮಾತಿದೆ. ಕೆಲವಕ್ಕೆ ಆರತಿ, ಸೋಬಾನೆಗಳೂ ಉಂಟು. ಆದರೆ ಮುಟ್ಟು ನಿಲ್ಲುವುದಕ್ಕೆ ಮುಂಚಿನ ಕೆಲವು ವರ್ಷಗಳಿಗೆ, ಅಂದರೆ ತಿಂಗಳ ಲೆಕ್ಕ ತಪ್ಪುತ್ತ, ನಿದ್ರೆ ಕೆಡುತ್ತ, ಕಾರಣವಿಲ್ಲದೆ ಕಣ್ಣು ತುಂಬುತ್ತ, ಸಣ್ಣ ಮಾತಿಗೂ ಸಿಟ್ಟು ಏರುತ್ತ ಸಾಗುವ ಆ ಅವಧಿಗೆ, ನಾನು ಕೇಳಿ ಬೆಳೆದ ಮಾತಿನಲ್ಲಿ ಪ್ರತ್ಯೇಕ ಹೆಸರಿಲ್ಲ. ವೈದ್ಯರು ಅದನ್ನು ಪೆರಿಮೆನೋಪಾಸ್ ಎನ್ನುತ್ತಾರೆ. ಕನ್ನಡದಲ್ಲಿ ಋತುಬಂಧಪೂರ್ವ ಕಾಲ ಎನ್ನಬಹುದು. ಹಲವು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸಿದ ನನಗೆ, ಈ ಹೆಸರಿಲ್ಲದ ಅವಧಿಗೂ ಒಂದು ಇತಿಹಾಸವಿದೆ ಎಂಬುದು ನಿವೃತ್ತಿಯ ನಂತರದ ಓದಿನಲ್ಲಿ ತಿಳಿಯಿತು. ಅದನ್ನು ಓದುಗ ಮಿತ್ರರ ಮುಂದಿಡುವುದು ಈ ಲೇಖನದ ಉದ್ದೇಶ.

ಮುಟ್ಟು ನಿಲ್ಲುವ ವಯಸ್ಸನ್ನು ಪ್ರಾಚೀನರು ಬಲ್ಲವರಾಗಿದ್ದರು. ಹನ್ನೆರಡನೆಯ ವರ್ಷದಿಂದ ಐವತ್ತನೆಯ ವರ್ಷದವರೆಗೆ ಎಂದು ಸುಶ್ರುತ ಸಂಹಿತೆ ಅದರ ಮೇರೆಯನ್ನು ಹೇಳುತ್ತದೆ. ಹೆಚ್ಚಿನವರಿಗೆ ನಲವತ್ತರ ಸುಮಾರಿಗೆ, ಕೆಲವರಿಗೆ ಐವತ್ತರವರೆಗೆ ಎಂದು ಗ್ರೀಸಿನ ಅರಿಸ್ಟಾಟಲ್ ಬರೆದಿದ್ದಾನೆ. ಆದರೆ ಇಂದು ಜಗತ್ತೆಲ್ಲ ಬಳಸುವ ಮೆನೋಪಾಸ್ ಎಂಬ ಶಬ್ದಕ್ಕೆ ಇನ್ನೂರು ವರ್ಷಗಳಷ್ಟೇ ವಯಸ್ಸು. ಗಾರ್ದಾನ್ ಎಂಬ ಫ್ರೆಂಚ್ ವೈದ್ಯನು 1816ರಲ್ಲಿ ಅದರ ಮೊದಲ ರೂಪವನ್ನು ಬಳಸಿ, 1821ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರಿನಲ್ಲಿ ಈಗಿನ ರೂಪವನ್ನೇ ಇಟ್ಟನು. ತಿಂಗಳು ಮತ್ತು ನಿಲುಗಡೆ ಎಂಬ ಅರ್ಥದ ಎರಡು ಗ್ರೀಕ್ ಪದಗಳನ್ನು ಕೂಡಿಸಿ ಮಾಡಿದ ಶಬ್ದವಿದು. ಹೆಸರು ದೊರೆತದ್ದು ನಿಲುಗಡೆಗೆ ಎಂಬುದನ್ನು ಗಮನಿಸಬೇಕು. ನಿಲ್ಲುವ ಮುನ್ನಿನ ತೊಳಲಾಟ ಆ ಹೆಸರಿನ ನೆರಳಿನಲ್ಲಿಯೇ ಉಳಿಯಿತು.

ಹೆಸರಿನ ಹಿಂದೆಯೇ ಭಯವೂ ಬಂದಿತು. 1857ರಲ್ಲಿ ಲಂಡನ್ನಿನ ವೈದ್ಯ ಎಡ್ವರ್ಡ್ ಟಿಲ್ಟ್ ಈ ವಯಸ್ಸಿನ ಬದಲಾವಣೆಯ ಬಗ್ಗೆ ಒಂದು ದೊಡ್ಡ ಗ್ರಂಥವನ್ನು ಬರೆದನು. ಹೆಂಗಸರ ಸಿಡುಕು, ದುಗುಡ, ನಿದ್ರಾಹೀನತೆಗಳನ್ನು ಆತ ದಾಖಲಿಸಿದ್ದು ನಿಜ. ಆದರೆ ಅವನ ಚಿಕಿತ್ಸೆಯಲ್ಲಿ ಅಫೀಮಿನಂಥ ಶಾಮಕಗಳಿಗೂ ಸ್ಥಾನವಿತ್ತು. 1896ರಲ್ಲಿ ಜರ್ಮನಿಯ ಪ್ರಸಿದ್ಧ ಮನೋವೈದ್ಯ ಎಮಿಲ್ ಕ್ರೇಪೆಲಿನ್ ಇಳಿವಯಸ್ಸಿಗೆ ಕಾಲಿಡುವವರ ವಿಷಣ್ಣತೆಯನ್ನು ಒಂದು ಪ್ರತ್ಯೇಕ ಮನೋರೋಗವೆಂದು ಗುರುತಿಸಿದನು. ಗಂಡಸರಿಗೂ ಅನ್ವಯಿಸಬಹುದಾಗಿದ್ದ ಆ ಹಣೆಪಟ್ಟಿ ಹೆಚ್ಚಾಗಿ ಅಂಟಿಕೊಂಡದ್ದು ಹೆಂಗಸರಿಗೆ. ಅಮೆರಿಕದ ಮನೋವೈದ್ಯರ ರೋಗವರ್ಗೀಕರಣದ ಕೈಪಿಡಿಯಲ್ಲಿ 1968ರ ಆವೃತ್ತಿಯವರೆಗೂ ಅದು ಇತ್ತು. ಇಂಥದೊಂದು ಪ್ರತ್ಯೇಕ ರೋಗವೇ ಇಲ್ಲವೆಂದು 1979ರಲ್ಲಿ ಮಿರ್ನಾ ವೈಸ್‌ಮನ್ ಎಂಬ ವಿದುಷಿ ವಾದಿಸಿದರು. 1980ರ ಆವೃತ್ತಿಯಿಂದ ಅದನ್ನು ಕೈಬಿಡಲಾಯಿತು. ಎಂಬತ್ತು ವರ್ಷಗಳಿಗೂ ಮಿಕ್ಕಿದ ಅವಧಿ ಎಂದರೆ ಸುಮಾರು ಮೂರು ತಲೆಮಾರು!

ಇತ್ತ ಪ್ರಯೋಗಾಲಯದಲ್ಲಿ ಬೇರೊಂದು ಕಥೆ ನಡೆದಿತ್ತು. 1929ರಲ್ಲಿ ಅಮೆರಿಕದ ಡಾಯ್ಸಿ ಮತ್ತು ಜರ್ಮನಿಯ ಬ್ಯೂಟೆನಾಂಟ್ ಬೇರೆಬೇರೆಯಾಗಿ ಈಸ್ಟ್ರೋಜನ್ ವರ್ಗದ ಮೊದಲ ಹಾರ್ಮೋನನ್ನು ಶುದ್ಧರೂಪದಲ್ಲಿ ಪಡೆದರು. 1942ರಲ್ಲಿ ಗಬ್ಬದ ಕುದುರೆಯ ಮೂತ್ರದಿಂದ ತಯಾರಿಸಿದ ಪ್ರೆಮರಿನ್ ಎಂಬ ಗುಳಿಗೆಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು. 1966ರಲ್ಲಿ ರಾಬರ್ಟ್ ವಿಲ್ಸನ್ ಎಂಬ ವೈದ್ಯ, ಮುಟ್ಟು ನಿಲ್ಲುವುದೇ ಒಂದು ಕೊರತೆಯ ರೋಗ, ಗುಳಿಗೆ ನುಂಗಿದರೆ ಹೆಣ್ತನ ಉಳಿಯುತ್ತದೆ ಎಂಬರ್ಥದ ಪುಸ್ತಕ ಬರೆದು ಜನಪ್ರಿಯನಾದನು. 1975ರಲ್ಲಿ ಈಸ್ಟ್ರೋಜನ್ ಒಂದನ್ನೇ ಸೇವಿಸಿದವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚುವುದು ಬೆಳಕಿಗೆ ಬಂದಿತು. 2002ರ ಜುಲೈಯಲ್ಲಿ 16,608 ಮಹಿಳೆಯರ ಮೇಲೆ ನಡೆಯುತ್ತಿದ್ದ ಅಮೆರಿಕದ ಬೃಹತ್ ಅಧ್ಯಯನವೊಂದು, ಎರಡು ಹಾರ್ಮೋನುಗಳ ಗುಳಿಗೆಯಿಂದ ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚುವುದನ್ನು ಕಂಡು ಮಧ್ಯದಲ್ಲಿಯೇ ನಿಂತಿತು. ಅದರಲ್ಲಿ ಭಾಗವಹಿಸಿದವರ ಸರಾಸರಿ ವಯಸ್ಸು 63. ಆದರೂ ಆ ಫಲಿತಾಂಶವನ್ನು ನಲವತ್ತೈದರ ಹೆಂಗಸಿಗೂ ಹಾಗೆಯೇ ಅನ್ವಯಿಸಿ, ವೈದ್ಯರೂ ರೋಗಿಗಳೂ ಬೆದರಿ ಹಿಂದೆ ಸರಿದರು.

ನಮ್ಮ ದೇಶದ ಹೆಂಗಸರ ಅನುಭವವೇನು? 1975ರಲ್ಲಿ ಫ್ಲಿಂಟ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞೆ, ರಾಜಸ್ಥಾನ ಮತ್ತು ಹಿಮಾಚಲ ಪ್ರದೇಶದ 483 ರಜಪೂತ ಮಹಿಳೆಯರನ್ನು ಕುರಿತ ಅಧ್ಯಯನವನ್ನು ಪ್ರಕಟಿಸಿದರು. ಋತುಚಕ್ರದ ವ್ಯತ್ಯಾಸವೊಂದನ್ನು ಬಿಟ್ಟರೆ ಆ ಮಹಿಳೆಯರು ಬೇರೆ ತೊಂದರೆಗಳನ್ನು ಹೇಳಿಕೊಂಡದ್ದು ಬಹಳ ಕಡಿಮೆ. ಮುಟ್ಟು ನಿಂತ ಮೇಲೆ ಪರದೆಯಿಂದ ಹೊರಬಂದು ಗಂಡಸರೊಡನೆ ಕುಳಿತು ಮಾತನಾಡುವ ಸ್ವಾತಂತ್ರ್ಯ ಅವರಿಗೆ ದೊರೆಯುತ್ತಿತ್ತು. ಹಾಗಾಗಿ ಆ ಘಟ್ಟ ಶಿಕ್ಷೆಯಾಗಿರದೆ ಬಹುಮಾನವಾಗಿತ್ತು ಎಂದು ಫ್ಲಿಂಟ್ ವಿವರಿಸಿದರು. ಸಮಾಜ ಕೊಡುವ ಮರ್ಯಾದೆ ದೇಹದ ಅನುಭವವನ್ನು ಹಗುರಗೊಳಿಸುತ್ತದೆ ಎಂಬುದು ಇದರಲ್ಲಿರುವ ಸತ್ಯ. ಆದರೆ ನಮ್ಮ ಹೆಂಗಸರಿಗೆ ಇಂಥ ಕಷ್ಟವೇ ಇಲ್ಲ, ಅದೆಲ್ಲ ಪಾಶ್ಚಾತ್ಯರ ಕಾಯಿಲೆ ಎಂದು ಇದರಿಂದ ತೀರ್ಮಾನಿಸುವುದು ಸಲ್ಲದು. ಹೇಳಿಕೊಳ್ಳದ ಕಷ್ಟವೆಲ್ಲ ಇಲ್ಲದ ಕಷ್ಟವಲ್ಲ.

ಇದನ್ನು ಬರೆಯುವಾಗ ನನಗೆ ಒಬ್ಬ ಸಹೋದ್ಯೋಗಿಯ ನೆನಪಾಗುತ್ತದೆ. ಗಣಿತದ ಮೇಡಂ, ಹತ್ತನೆಯ ತರಗತಿಯ ಮಂದಮತಿಗಳೆನಿಸಿಕೊಂಡ ಮಕ್ಕಳನ್ನೂ ದಡ ಸೇರಿಸುತ್ತಿದ್ದವರು. ನಲವತ್ತಾರರ ಸುಮಾರಿಗೆ ಅವರ ಸ್ವಭಾವ ಬದಲಾಯಿತು. ರಾತ್ರಿ ಮೂರು ಗಂಟೆಗೆ ಎಚ್ಚರವಾಗುತ್ತದೆ, ಬೆಳಗ್ಗೆ ಕರಿಹಲಗೆಯ ಮುಂದೆ ನಿಂತರೆ ಲೆಕ್ಕದ ಮುಂದಿನ ಹಂತ ಹೊಳೆಯುವುದಿಲ್ಲ ಎನ್ನುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಕೆಲವರು ಅವರಿಗೆ ಬಾಯಿ ಜೋರಾಯಿತೆಂದರು. ಮನೆಯವರು ಗ್ರಹಚಾರವೆಂದು ಶಾಂತಿ ಮಾಡಿಸಿದರು. ಕೊನೆಗೆ ತಮಗೆ ಪಾಠ ಹೇಳುವ ಯೋಗ್ಯತೆಯೇ ಹೋಯಿತೆಂದು ನಂಬಿ ಸ್ವಯಂನಿವೃತ್ತಿ ಪಡೆದರು. ನಾಲ್ಕು ವರ್ಷಗಳ ಬಳಿಕ ಒಂದು ಮದುವೆಯಲ್ಲಿ ಸಿಕ್ಕಾಗ ಮೊದಲಿನಂತೆಯೇ ಇದ್ದರು. "ಅದು ಬಂದ ಹಾಗೆಯೇ ಹೋಯಿತು ಕಣ್ರೀ, ನೌಕರಿ ಮಾತ್ರ ಹೋದದ್ದು ಬರಲಿಲ್ಲ" ಎಂದು ನಕ್ಕರು. ಹಾದುಹೋಗುವ ಅವಧಿಯೊಂದಕ್ಕೆ ಹಾದುಹೋಗದ ಬೆಲೆಯನ್ನು ಅವರು ತೆತ್ತಿದ್ದರು.

ಅವರಿಗೆ ಆದದ್ದೇನೆಂಬುದು ಈಗ ಬಹುಮಟ್ಟಿಗೆ ತಿಳಿದಿದೆ. 2001ರಲ್ಲಿ ಅಮೆರಿಕದಲ್ಲಿ ಸೇರಿದ ತಜ್ಞರು ಈ ಅವಧಿಯನ್ನು ಹಂತಹಂತವಾಗಿ ಗುರುತಿಸುವ ಕ್ರಮವನ್ನು ರೂಪಿಸಿದರು. 2006ರಲ್ಲಿ ಪ್ರಕಟವಾದ ಹಾರ್ವರ್ಡ್‌ನ ಅಧ್ಯಯನವೊಂದು, ಹಿಂದೆಂದೂ ಖಿನ್ನತೆಗೆ ಒಳಗಾಗದ ಮಹಿಳೆಯರಲ್ಲಿಯೂ ಈ ಅವಧಿಗೆ ಕಾಲಿಟ್ಟವರಿಗೆ ಖಿನ್ನತೆಯ ಲಕ್ಷಣಗಳ ಸಂಭವ ಸುಮಾರು ಎರಡು ಪಟ್ಟು ಎಂದು ತೋರಿಸಿತು. ಈಸ್ಟ್ರೋಜನ್ ನೇರವಾಗಿ ಇಳಿಯುವುದಿಲ್ಲ. ಏರುತ್ತದೆ, ಕುಸಿಯುತ್ತದೆ, ಮತ್ತೆ ಏರುತ್ತದೆ. ಮನಸ್ಸಿನ ಸಮತೋಲಕ್ಕೆ ಬೇಕಾದ ಸೆರೊಟೋನಿನ್ ಮೊದಲಾದ ಮಿದುಳಿನ ರಾಸಾಯನಿಕಗಳ ಮೇಲೆ ಈ ಏರಿಳಿತದ ಪರಿಣಾಮವಾಗುತ್ತದೆ. ರಾತ್ರಿ ಮೈ ಕಾವೇರಿ ಬೆವರಿ ನಿದ್ರೆ ಕೆಟ್ಟರೆ ಮರುದಿನದ ತಾಳ್ಮೆಯೂ ಕೆಡುತ್ತದೆ. ಮಕ್ಕಳ ಪಿಯುಸಿ ಪರೀಕ್ಷೆ, ಅತ್ತೆಮಾವಂದಿರ ಕಾಯಿಲೆಗಳು ಬರುವುದೂ ಇದೇ ವಯಸ್ಸಿನಲ್ಲಿ. ಹಾಗೆಂದು ಎಲ್ಲರಿಗೂ ಖಿನ್ನತೆ ಬರುವುದಿಲ್ಲ. ಹೆಚ್ಚಿನವರು ಸಣ್ಣಪುಟ್ಟ ಕಿರಿಕಿರಿಯೊಡನೆ ದಾಟುತ್ತಾರೆ. ಭಾರತದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46-47 ಆದ್ದರಿಂದ ನಲವತ್ತರ ಆರಂಭದಲ್ಲಿಯೇ ಎಚ್ಚರವಿರಬೇಕು.

ಇನ್ನು ಸ್ವಂತದ ಆರೈಕೆ. ಮೊದಲನೆಯದು, ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದಂತೆ ಮುಟ್ಟಿನ ದಿನ, ನಿದ್ರೆ, ಸಿಟ್ಟು, ಅಳು ಇವುಗಳನ್ನು ಎರಡು ಮೂರು ತಿಂಗಳು ಗುರುತು ಹಾಕಿಕೊಳ್ಳುವುದು; ವೈದ್ಯರ ಮುಂದೆ ಅದೇ ಒಳ್ಳೆಯ ಸಾಕ್ಷಿ. ಎರಡನೆಯದು, ರಕ್ತಹೀನತೆ ಮತ್ತು ಥೈರಾಯ್ಡ್ ಪರೀಕ್ಷೆ. ಇವುಗಳ ಲಕ್ಷಣಗಳೂ ಹೀಗೆಯೇ ಇರುತ್ತವೆ. ದಿನವೂ ನಡಿಗೆ, ಸಂಜೆಯ ಮೇಲೆ ಕಾಫಿ ಬಿಡುವುದು, ಮಲಗುವ ಕೋಣೆಯಲ್ಲಿ ಗಾಳಿ, ಹತ್ತಿಯ ಬಟ್ಟೆ ಇವು ನಿದ್ರೆಗೆ ನೆರವು. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಮಾರ್ಗಸೂಚಿ 2015ರಿಂದಲೂ, ಈ ಕಾಲದ ಮನೋದುಗುಡಕ್ಕೆ ಯೋಚನೆ ಮತ್ತು ನಡವಳಿಕೆಗಳನ್ನು ತಿದ್ದಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆಯನ್ನು ಸೂಚಿಸುತ್ತ ಬಂದಿದೆ. ಹಾರ್ಮೋನ್ ಚಿಕಿತ್ಸೆಯೂ ಬೆದರಬೇಕಾದ ವಸ್ತುವಲ್ಲ. ತೊಂದರೆ ತೀವ್ರವಾಗಿದ್ದು, ವಯಸ್ಸು 60ರೊಳಗಿದ್ದು, ಬೇರೆ ಅಡ್ಡಿಗಳಿಲ್ಲದವರಿಗೆ ಸಾಮಾನ್ಯವಾಗಿ ಅಪಾಯಕ್ಕಿಂತ ಲಾಭವೇ ಹೆಚ್ಚೆಂದು ಇಂದಿನ ತಜ್ಞರ ಮತ. ನಿರ್ಧಾರ ಮಾತ್ರ ವೈದ್ಯರೊಡನೆ ಕುಳಿತು ಆಗಬೇಕು. ಬದುಕೇ ಬೇಡವೆನಿಸಿದರೆ ಒಂದು ದಿನವೂ ಕಾಯಬಾರದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಹುಚ್ಚೆಂದರು, ಕೊರತೆಯೆಂದರು, ಏನೂ ಇಲ್ಲವೆಂದರು. ಇನ್ನೂರು ವರ್ಷಗಳ ಈ ಇತಿಹಾಸದಲ್ಲಿ ಹೆಂಗಸಿನ ಮಾತನ್ನು ಕೇಳಿದ ಅಧ್ಯಾಯ ಚಿಕ್ಕದು. ಆದ್ದರಿಂದ ಇದನ್ನು ಓದುವ ಗಂಡಂದಿರಲ್ಲಿ, ಮಕ್ಕಳಲ್ಲಿ, ಶಾಲೆಗಳ ಮುಖ್ಯಸ್ಥರಲ್ಲಿ ನನ್ನದೊಂದು ವಿನಂತಿ. ನಲವತ್ತು ದಾಟಿದ ಹೆಣ್ಣುಮಗಳೊಬ್ಬಳು ಇದ್ದಕ್ಕಿದ್ದಂತೆ ಬದಲಾದಳೆನಿಸಿದರೆ, ಅವಳ ಸ್ವಭಾವದ ಬಗ್ಗೆ ತೀರ್ಪು ಕೊಡುವ ಮೊದಲು ರಾತ್ರಿ ನಿದ್ರೆ ಬಂದಿತೇ ಎಂದು ಕೇಳಿ. ಆ ವಯಸ್ಸಿನ ಸೋದರಿಯರಲ್ಲಿಯೂ ಒಂದು ಮಾತು: ನೌಕರಿಯಾಗಲಿ ಸಂಬಂಧವಾಗಲಿ, ಕೈಬಿಡುವಂಥ ದೊಡ್ಡ ನಿರ್ಧಾರವನ್ನು ಆ ದಿನಗಳಲ್ಲಿ ಒಬ್ಬರೇ ಕುಳಿತು ಮಾಡಬೇಡಿ. ಮೊದಲು ಒಬ್ಬ ಒಳ್ಳೆಯ ವೈದ್ಯರನ್ನು ಕಾಣಿರಿ.